ಸರಕಾರದ ಹಗೇವು ತೆರೆದ ದಾಮಾಜಿಪಂತರು

ಪರವೂರಿಗೆ ಹೋದವರು ಬಸ್ಸಿನಿಂದ ಇಳಿದ ಕೂಡಲೆ ಹುಡುಕುವುದು ಊಟದ ಜಾಗ. ಗುಡಿ, ಕೋಟೆ, ಪೇಟೆ ಎಲ್ಲಾ ಆಮೇಲೆ. ರಸ್ತೆಯ ಮೇಲಿನ ದೊಡ್ಡ ಬೋರ್ಡು ನೋಡಿ ಒಳಗೆ ಹೋದವನು ರೊಕ್ಕ ಕೊಟ್ಟು ಹೊರಗೆ ಬರುತ್ತಾನೆ, ಊರು ಮಾತ್ರ ಅವನಿಗೆ ಗೊತ್ತಾಗುವುದಿಲ್ಲ. ಹಮಾಲರು ಎಲ್ಲಿ ಉಣ್ಣುತ್ತಾರೆ, ಲಾರಿ ಡ್ರೈವರುಗಳು ಎಲ್ಲಿ ಚಹಾ ಕುಡಿಯುತ್ತಾರೆ ಎಂದು ಕೇಳಿಕೊಂಡು ಓಣಿಯೊಳಗೆ ಹೊಕ್ಕವನಿಗೆ ಆ ಊರಿನ ಜನರ ಗುರುತಾಗುತ್ತದೆ. ಸೊಲ್ಲಾಪುರದ ಮಾರ್ಕೆಟ್ ಯಾರ್ಡಿಗೆ ಉಳ್ಳಾಗಡ್ಡಿ ತಕ್ಕೊಂಡು ಹೋಗುವ ನಮ್ಮಂಥವರಿಗೆ ಇದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ. ರಾತ್ರಿ ಮಾಲು ಇಳಿಸಿ, ಬೆಳಿಗ್ಗೆ ಸವಾಲು ಆಗುವತನಕ ಕಾಯಬೇಕಾದವನಿಗೆ ಖಾನಾವಳಿಯೇ ತವರು.

ಸೊಲ್ಲಾಪುರದಲ್ಲಿ ಊಟದ ಮನೆ ಹುಡುಕುವುದೆಂದರೆ ಭಾಷೆ ಹುಡುಕಿದ ಹಾಗೆ ನೋಡ್ರಿ. ಬಾಳಿವೇಸದ ಕಡೆ ಹೋದರೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ತಾಟು ಇಡುವ ತಾಯಿ ಕನ್ನಡದಲ್ಲೇ ಇನ್ನೊಂದು ರೊಟ್ಟಿ ಹಾಕಲೇನು ಅಂತ ಕೇಳುತ್ತಾಳೆ. ಪೂರ್ವ ಭಾಗಕ್ಕೆ, ಅಶೋಕ ಚೌಕದ ಕಡೆ ನಡೆದರೆ ಕಿವಿಗೆ ತೆಲುಗು ಬೀಳುತ್ತದೆ. ಅದು ಪದ್ಮಶಾಲಿ ನೇಕಾರರ ಊರು. ಅವರ ಹಿರಿಯರು ತೆಲಂಗಾಣದಿಂದ ಮಗ್ಗದ ಕೆಲಸ, ಗಿರಣಿಯ ಕೆಲಸ ಅಂತ ಬಂದವರು. ಸೊಲ್ಲಾಪುರದ ಮೊದಲ ಬಟ್ಟೆ ಗಿರಣಿ 1877ರಲ್ಲಿ ಶುರುವಾಯಿತು. ಆ ಜೂನಿ ಗಿರಣಿ ಈಗಿಲ್ಲ, ಅದನ್ನು ನಂಬಿ ಬಂದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಅದಾರ. ಅಲ್ಲಿ ಜೋಳದ ರೊಟ್ಟಿಗೆ ಜೊನ್ನ ರೊಟ್ಟೆ. ನಮ್ಮ ಪುಂಡಿಪಲ್ಯೆಗೆ ಅವರು ಗೋಂಗೂರ ಅಂತಾರ, ಮರಾಠಿಯವರು ಅಂಬಾಡಿ ಅಂತಾರ. ಎಲೆ ಒಂದೇ, ಹುಳಿ ಒಂದೇ. ಮನೆಯಲ್ಲಿ ತೆಲುಗು, ಹೊಲದಲ್ಲಿ ಕನ್ನಡ ಆಡುತ್ತ ಬೆಳೆದ ನನಗೆ ಈ ಊರಿನ ಎರಡೂ ಪಂಕ್ತಿಯಲ್ಲಿ ಜಾಗ ಸಿಕ್ಕಿದೆ.

ಇಂಥ ಖಾನಾವಳಿಯ ಮಾತಿನ ನಡುವೆಯೇ ದಾಮಾಜಿಪಂತರ ಹೆಸರು ನನ್ನ ಕಿವಿಗೆ ಮೇಲಿಂದ ಮೇಲೆ ಬಿದ್ದದ್ದು. ರೊಟ್ಟಿ ಚಲೋ ಅದ ಅಂದರೆ ಸಾಕು, ಇದು ಮಂಗಳವೇಢೆ ಜೋಳ, ದಾಮಾಜಿಯ ಊರಿನದು ಅಂತ ಬಡಿಸುವವರು ಹೇಳುತ್ತಾರೆ. ಮರಾಠಿ ಸೀಮೆಯಲ್ಲಿ ಸಣ್ಣ ಹುಡುಗನಿಗೂ ಗೊತ್ತಿರುವ ಈ ಹೆಸರು ನಮ್ಮ ಕನ್ನಡ ಓದುಗರಲ್ಲಿ ಅಷ್ಟು ಬಳಕೆಯಲ್ಲಿಲ್ಲ. ಅವರು ಚಾಕರಿ ಮಾಡಿದ್ದು ಬೀದರಿನ ಬಾದಶಹನ ಕೈಕೆಳಗೆ. ಅವರನ್ನು ಹಿಡಿದುಕೊಂಡು ಹೊರಟದ್ದೂ ಬೀದರಿಗೇ. ಹಾಗಾಗಿ ಅವರ ಬಾಳು ಗಡಿಯ ಎರಡೂ ಕಡೆಯದು. ಈ ಪುಟದಲ್ಲಿ ಅದನ್ನು ಹೇಳುವುದು ಸರಿ ಅನಿಸಿತು.

ಮಂಗಳವೇಢೆ ಎಂಬ ಊರು

ಮಂಗಳವೇಢೆ ಸೊಲ್ಲಾಪುರ ಜಿಲ್ಲೆಯ ತಾಲೂಕು ಊರು. ಸೊಲ್ಲಾಪುರದಿಂದ ನೈಋತ್ಯಕ್ಕೆ ಸುಮಾರು 55 ಕಿಲೋಮೀಟರು, ಪಂಢರಪುರದಿಂದ 25ರ ಆಸುಪಾಸು. ಭೀಮಾ ನದಿ ದೂರವಿಲ್ಲ. ಆದರೂ ತಾಲೂಕಿನ ದಕ್ಷಿಣದ ಹಳ್ಳಿಗಳು ನೀರಿಗಾಗಿ ವರ್ಷಗಟ್ಟಲೆ ಹೋರಾಡಿವೆ. ಆ ಹಳ್ಳಿಗಳಲ್ಲಿ ಇವತ್ತಿಗೂ ಕನ್ನಡ ಆಡುತ್ತಾರೆ. ಊರ ಸುತ್ತಲಿನ ಎರಿಮಣ್ಣು ಮಾತ್ರ ದೇವರು ಕೊಟ್ಟದ್ದು. ಮುಂಗಾರು ಕೈಕೊಟ್ಟರೂ ಹಸ್ತ ಮಳೆ ಒಂದು ಸರಿಯಾಗಿ ಬಿದ್ದರೆ ಆ ಮಣ್ಣು ಹಸಿಯನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡು ಹಿಂಗಾರಿ ಜೋಳವನ್ನು ಚಳಿಗಾಲದ ಇಬ್ಬನಿಯ ಮೇಲೆಯೇ ತೆನೆಗೆ ತರುತ್ತದೆ. ಜೋಳದ ಕಣಜ ಎಂದೇ ಊರಿನ ಹೆಸರು. 2016ರಲ್ಲಿ ಮಂಗಳವೇಢೆ ಜೋಳಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿತು. ನಾವೆಲ್ಲ ಬಿತ್ತುವ ಮಾಲದಂಡಿ 35-1 ತಳಿಯನ್ನು 1930ರ ದಶಕದಲ್ಲಿ ಆರಿಸಿ ತೆಗೆದದ್ದು ಇದೇ ಜಿಲ್ಲೆಯ ಮೋಹೋಳದಲ್ಲಿ.

ಕನ್ನಡಿಗರಿಗೆ ಈ ಊರು ಮಂಗಳವಾಡ. ಕಲಚುರಿ ಬಿಜ್ಜಳ ಕಲ್ಯಾಣಕ್ಕೆ ಹೋಗುವ ಮೊದಲು ಅವನ ಮನೆತನದ ನೆಲೆ ಇಲ್ಲಿತ್ತು. ಬಸವಣ್ಣನವರು ಭಂಡಾರದ ಲೆಕ್ಕ ಬರೆದದ್ದನ್ನು ಹರಿಹರ ಕವಿ ಈ ಊರಿನಲ್ಲೇ ನಡೆದದ್ದಾಗಿ ಹೇಳುತ್ತಾನೆ. ಮರಾಠಿಯವರಿಗೆ ಇದು ಸಂತರ ಭೂಮಿ. ಚೋಖಾಮೇಳರು 1338ರಲ್ಲಿ ಇಲ್ಲಿ ಊರಗೋಡೆ ಕಟ್ಟುವ ಕೂಲಿಗೆ ಬಂದಿದ್ದಾಗ ಗೋಡೆ ಕುಸಿದು ಅದರಡಿ ಸಿಕ್ಕು ತೀರಿಕೊಂಡರು ಎಂಬುದು ಪರಂಪರೆಯ ಮಾತು. ಕಾನ್ಹೋಪಾತ್ರೆ ಹುಟ್ಟಿದ್ದೂ ಇಲ್ಲೇ. ಅಕ್ಕಲಕೋಟೆಯ ಸ್ವಾಮಿ ಸಮರ್ಥರು 1856ರಲ್ಲಿ ಆ ಊರು ಸೇರುವ ಮೊದಲು ಮಂಗಳವೇಢೆಯಲ್ಲಿ ಬಹಳ ದಿನ ಇದ್ದರು. ಇಷ್ಟು ಜನರ ನಡುವೆ ಊರಿನ ಸಕ್ಕರೆ ಕಾರಖಾನೆಗೆ ಯಾರ ಹೆಸರು ಇಟ್ಟಿದ್ದಾರೆ ನೋಡ್ರಿ: ಸಂತ ದಾಮಾಜಿ ಸಹಕಾರಿ ಸಾಖರ ಕಾರಖಾನೆ. ರೈತರು ಷೇರು ಹಾಕಿ ಕಟ್ಟಿದ ಕಾರಖಾನೆಗೆ ಒಬ್ಬ ಸರಕಾರಿ ಅಧಿಕಾರಿಯ ಹೆಸರು. ಇಂಥದ್ದು ಎಲ್ಲೆಲ್ಲೂ ಆಗುವುದಿಲ್ಲ.

ಅಧಿಕಾರಿ, ಗೃಹಸ್ಥ

ದಾಮಾಜಿಪಂತರು ಹದಿನೈದನೆಯ ಶತಮಾನದವರು. ಬಹಮನಿ ರಾಜ್ಯದ ರಾಜಧಾನಿ ಗುಲಬರ್ಗಾದಿಂದ ಬೀದರಿಗೆ ಹೋಗಿ ಕೆಲವು ದಶಕಗಳಾಗಿದ್ದವು. ಮಂಗಳವೇಢೆ ಆ ರಾಜ್ಯದ ಒಂದು ಠಾಣೆ. ಬ್ರಾಹ್ಮಣ ಮನೆತನದ ದಾಮಾಜಿಪಂತರು ಅಲ್ಲಿಯ ಮುಖ್ಯ ಕಾರಭಾರಿ. ಈಗಿನ ಲೆಕ್ಕದಲ್ಲಿ ತಹಶೀಲದಾರ ಅನ್ನಬಹುದು. ಆದರೆ ಆಗಿನ ಅಧಿಕಾರಿಯ ಕೈಯಲ್ಲಿ ಕಾಗದದ ಜತೆ ಕಾಳೂ ಇರುತ್ತಿತ್ತು. ರೈತ ಕೊಡಬೇಕಾದ ಹಾಸಲಿನ ಪಾಲು ಕಣದಿಂದಲೇ ಎತ್ತಿನ ಮೇಲೆ ಬಂದು ಸರಕಾರದ ಹಗೇವಿಗೆ ಬೀಳುತ್ತಿತ್ತು. ಅದನ್ನು ಕಾಯುವುದು, ಲೆಕ್ಕ ಇಡುವುದು, ಹುಕುಮು ಬಂದಾಗ ಬೀದರಿಗೋ ದಂಡಿಗೋ ಕಳಿಸುವುದು ಅವರ ಕೆಲಸ.

ಹಗೇವು ನೋಡದ ಇಂದಿನ ಹುಡುಗರಿಗಾಗಿ ಎರಡು ಮಾತು. ನಮ್ಮಲ್ಲಿ ಹಗೇವು, ಮರಾಠಿಯಲ್ಲಿ ಪೇವ, ತೆಲುಗಿನಲ್ಲಿ ಪಾತರ. ಗಟ್ಟಿ ನೆಲದಲ್ಲಿ ಬಾವಿಯ ಹಾಗೆ ತೋಡಿ, ಬಾಯಿ ಸಣ್ಣದು ಹೊಟ್ಟೆ ದೊಡ್ಡದು ಮಾಡಿ, ಒಳಗೆ ಸುತ್ತಲೂ ಕಣಿಕೆಯ ಹೊದಿಕೆ ಕೊಟ್ಟು ಜೋಳ ತುಂಬುತ್ತಿದ್ದರು. ಮೇಲೆ ಹಾಸುಗಲ್ಲು, ಅದರ ಮೇಲೆ ಮಣ್ಣು. ಗಾಳಿ ಹೋಗದ ಕಾರಣ ಹುಳ ಬೀಳುತ್ತಿರಲಿಲ್ಲ. ಕಾಳು ವರುಷಗಟ್ಟಲೆ ತಡೆಯುತ್ತಿತ್ತು. ತೆರೆದ ದಿನ ಒಳಗೆ ಇಳಿಯಬಾರದು. ಕೆಟ್ಟ ಗಾಳಿ ಇರುತ್ತದೆ, ಇಳಿದವನು ಮೇಲೆ ಬರುವುದಿಲ್ಲ. ಮೊದಲು ಕಂದೀಲು ಇಳಿಬಿಟ್ಟು ದೀಪ ಉಳಿಯುತ್ತದೋ ಆರುತ್ತದೋ ನೋಡುತ್ತಿದ್ದರು. ಹೀಗೆ ಅನ್ನವನ್ನು ಮಣ್ಣಿನಲ್ಲಿ ಹೂಳಿಟ್ಟು ಅದರ ಮೇಲೆ ಸರಕಾರದ ಮುದ್ರೆ ಒತ್ತಿದ ಊರು ಅದು.

ಅವರ ಮನೆಯ ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು. ಖಾನಾವಳಿ, ಚಹಾದಂಗಡಿ ಇಲ್ಲದ ಕಾಲ. ದಾರಿಹೋಕನಿಗೆ ಊಟ ಸಿಗಬೇಕಾದರೆ ಒಂದೋ ಗುಡಿ, ಒಂದೋ ಮಠ, ಇಲ್ಲವೇ ದೊಡ್ಡವರ ಮನೆ. ಪಂಢರಪುರದ ದಾರಿಯಲ್ಲಿದ್ದ ಊರಾದ್ದರಿಂದ ವಿಠೋಬನ ದರುಶನಕ್ಕೆ ಹೋಗುವವರೂ ಬರುವವರೂ ಪಂತರ ಮನೆಯ ಪಂಕ್ತಿಯಲ್ಲಿ ಕುಳಿತು ಎದ್ದು ಹೋಗುತ್ತಿದ್ದರು. ಅವರೂ ವಿಠೋಬನ ಭಕ್ತರೇ. ಹಗಲೆಲ್ಲ ಬಾದಶಹನ ಲೆಕ್ಕ, ಸಂಜೆ ಭಜನೆ. ಬರ ಬರದೆ ಹೋಗಿದ್ದರೆ ಹೀಗೇ ಒಬ್ಬ ಒಳ್ಳೆಯ ಅಧಿಕಾರಿಯಾಗಿ ಇದ್ದು ತೀರಿಹೋಗುತ್ತಿದ್ದರು. ನಾವ್ಯಾರೂ ಅವರ ಹೆಸರು ಕೇಳುತ್ತಿರಲಿಲ್ಲ.

ಬರ

ಆ ಬರ ಬಿದ್ದದ್ದು 1460ರ ಸುಮಾರಿಗೆ. ಬ್ರಿಟಿಷರ ಕಾಲದ ಗ್ಯಾಸೆಟಿಯರಿನಲ್ಲೂ ಅದಕ್ಕೆ ದಾಮಾಜಿಪಂತನ ಬರ ಎಂದೇ ಹೆಸರು. ದಖ್ಖಣದ ಜನ ಅದಕ್ಕೂ ಹಿಂದೆ, 1396ರಿಂದ ಶುರುವಾದ ದುರ್ಗಾದೇವಿಯ ಬರವನ್ನು ಕಂಡಿದ್ದರು. ಹಳ್ಳಿಗೆ ಹಳ್ಳಿಯೇ ಹಾಳು ಬಿದ್ದ ಬರ ಅದು. ಅದರ ನೆನಪು ಅಜ್ಜ ಅಜ್ಜಿಯರ ಬಾಯಲ್ಲಿ ಇನ್ನೂ ಇದ್ದಾಗಲೇ ಮತ್ತೆ ಮಳೆ ಹೋಯಿತು. ಬೀದರಿನಲ್ಲಿ ಆಗ ಹುಮಾಯೂನ್ ಶಹಾನ ಆಳಿಕೆ, 1458ರಿಂದ 1461ರ ತನಕ. ಕ್ರೂರಿ ಎಂದೇ ಚರಿತ್ರೆಯಲ್ಲಿ ಹೆಸರಾದ ಸುಲ್ತಾನ. ಅಂಥವನ ಕೈಕೆಳಗಿನ ಅಧಿಕಾರಿ ಹುಕುಮಿಲ್ಲದೆ ಒಂದು ಮಣ ಕಾಳು ಮುಟ್ಟುವುದೆಂದರೆ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡ ಹಾಗೆ.

ಮುಂದಿನದನ್ನು ನಾವು ತಿಳಿದುಕೊಂಡದ್ದು ಹೆಚ್ಚಾಗಿ ಮಹೀಪತಿಯಿಂದ. ಅವನ ಭಕ್ತವಿಜಯ 1762ರದ್ದು. ಬರಕ್ಕೂ ಗ್ರಂಥಕ್ಕೂ ಮುನ್ನೂರು ವರ್ಷದ ಅಂತರ. ಆ ಮುನ್ನೂರು ವರ್ಷ ಕತೆ ಉಳಿದದ್ದು ಕೀರ್ತನಕಾರರ ಬಾಯಲ್ಲಿ, ಹೊಲದಲ್ಲಿ, ವಾರಿಯ ದಾರಿಯಲ್ಲಿ. ಕತೆಯ ಪ್ರಕಾರ ಪಂಢರಪುರದ ಒಬ್ಬ ಬ್ರಾಹ್ಮಣ ಹಸಿವು ತಾಳದೆ ಮಂಗಳವೇಢೆಗೆ ಬಂದ. ಪಂತರ ಮನೆಯಲ್ಲಿ ಎಲೆ ಹಾಕಿ ಬಡಿಸಿದರು. ಮೊದಲ ತುತ್ತು ಕೈಯಲ್ಲಿ ಹಿಡಿದವನು ಬಾಯಿಗೆ ಇಡಲಾರದೆ ಅಳತೊಡಗಿದ. ಕೇಳಿದರೆ, ಊರಲ್ಲಿ ಹೆಂಡತಿ ಮಕ್ಕಳು ಉಪವಾಸ ಬಿದ್ದಿದ್ದಾರೆ, ನಾನೊಬ್ಬನೇ ಹೇಗೆ ಉಣ್ಣಲಿ ಅಂದ. ಪಂತರು ಅವನ ಮನೆಗೆ ಎತ್ತಿನ ಮೇಲೆ ಕಾಳು ಹೇರಿ ಕಳಿಸಿದರು. ಎತ್ತುಗಳು ಪಂಢರಪುರ ಮುಟ್ಟುವುದೇ ತಡ, ಹಸಿದ ಜನ ಚೀಲ ಹರಿದು ಕಾಳು ಬಾಚಿಕೊಂಡರು. ಕಾಳು ಎಲ್ಲಿಂದ ಬಂತು ಎಂಬುದು ಊರಿಗೆಲ್ಲಾ ತಿಳಿಯಿತು. ಮಾರನೆಯ ದಿನದಿಂದ ದಾರಿಯುದ್ದಕ್ಕೂ ಜನ. ಎಲ್ಲರ ಮುಖವೂ ಮಂಗಳವೇಢೆಯ ಕಡೆಗೆ.

ಒಬ್ಬನಿಗೆ ಮನೆಯ ಜೋಳ ಸಾಕಾಗುತ್ತದೆ. ಸಾವಿರ ಜನಕ್ಕೆ ಎಲ್ಲಿಂದ ತರುವುದು? ಪಂತರ ಎದುರಿಗೆ ಸರಕಾರದ ಹಗೇವುಗಳು ತುಂಬಿ ಬಿದ್ದಿದ್ದವು. ಬೀದರಿಗೆ ಪತ್ರ ಬರೆದು ಅಪ್ಪಣೆ ಕೇಳಬಹುದಿತ್ತು. ಸವಾರ ಹೋಗಿ ಬರಲು ಹಲವು ದಿನ, ದರಬಾರಿನಲ್ಲಿ ಮಾತು ಆಗಲು ಇನ್ನಷ್ಟು ದಿನ. ಅಷ್ಟರಲ್ಲಿ ಬಾಗಿಲಲ್ಲಿ ನಿಂತವರು ಇರುತ್ತಿರಲಿಲ್ಲ. ಬರಗಾಲದ ರೈತನಿಗೆ ಈ ಮಾತು ಬೇಗ ತಿಳಿಯುತ್ತದೆ. ನಮ್ಮ ಕಾಲದಲ್ಲೂ ಬೆಳೆ ಒಣಗಿದ್ದು ಕಣ್ಣಿಗೆ ಕಂಡರೂ ಆಣೆವಾರಿ ಬರಬೇಕು, ಆ ಕಡೆ ಪೈಸೆವಾರಿ ಬರಬೇಕು, ಪಂಚನಾಮೆ ಆಗಬೇಕು, ಬರ ಎಂದು ಘೋಷಣೆ ಆಗಬೇಕು. ಕಾಗದ ಬರುವತನಕ ಹೊಟ್ಟೆ ಕಾಯುವುದಿಲ್ಲ.

ಪಂತರು ಕಾಯಲಿಲ್ಲ. ಹಾಸುಗಲ್ಲು ಸರಿಸಿ ಹಗೇವು ತೆರೆಸಿದರು. ಬ್ರಾಹ್ಮಣ ಅಂತ, ಬೇರೆಯವ ಅಂತ ನೋಡದೆ, ಬಂದವರಿಗೆಲ್ಲಾ ಕೊಟ್ಟರು ಎನ್ನುತ್ತದೆ ಜನರ ನೆನಪು. ಊರು ಊರೇ ಒಂದು ಅಡಿಗೆಮನೆ ಆಯಿತು. ಈಗ ಯಾವ ಊರಿನ ಯಾವ ಓಣಿಯಲ್ಲಿ ಚಲೋ ಊಟ ಸಿಗುತ್ತದೆ ಅಂತ ನಾವು ಕೇಳಿಕೊಂಡು ಹೋಗುವ ಹಾಗೆಯೇ, ಆಗಿನ ಜನ ಒಬ್ಬರಿಂದೊಬ್ಬರು ಕೇಳಿಕೊಂಡು ಮಂಗಳವೇಢೆ ತಲುಪಿದರು.

ಇಲ್ಲಿ ನನಗೆ ಒಂದು ಮಾತು ಸೇರಿಸಬೇಕಾಗಿದೆ. ಕತೆ ಹೇಳುವವರೆಲ್ಲಾ ಪಂತರ ದಯೆಯನ್ನು ಹಾಡುತ್ತಾರೆ, ಬಾದಶಹನ ಕೋಪವನ್ನು ಹೇಳುತ್ತಾರೆ. ಆ ಜೋಳ ಬೆಳೆದವನ ಹೆಸರು ಮಾತ್ರ ಕತೆಯಲ್ಲಿ ಬರುವುದಿಲ್ಲ. ಹಗೇವಿನಲ್ಲಿದ್ದ ಪ್ರತಿ ಕಾಳೂ ಯಾವನೋ ಒಬ್ಬನ ಕಣದಿಂದ ಬಂದದ್ದು. ಚಲೋ ವರುಷದಲ್ಲಿ ಕೊಟ್ಟವನೇ ಕೆಟ್ಟ ವರುಷದಲ್ಲಿ ಕೈಯೊಡ್ಡಿ ನಿಂತಿದ್ದ. ಪಂತರು ಮಾಡಿದ್ದು ದಾನ ಅಂತ ಎಲ್ಲರೂ ಅಂತಾರ. ಒಕ್ಕಲುಮಗನಾದ ನನ್ನ ಲೆಕ್ಕದಲ್ಲಿ ಅದು ಕೊಟ್ಟವನಿಗೆ ಅವನದನ್ನೇ ತಿರುಗಿ ಕೊಟ್ಟದ್ದು. ದಾನಕ್ಕಿಂತ ಇದು ಕಡಿಮೆಯದೆಂದು ನಾನು ತಿಳಿದಿಲ್ಲ, ಒಂದು ತೂಕ ಹೆಚ್ಚೇ.

ರಸೀದಿ

ಸುದ್ದಿ ಬೀದರಿಗೆ ಮುಟ್ಟಿತು. ಮುಟ್ಟಿಸಿದವರು ಪಂತರ ಕೈಕೆಳಗಿನವರೇ. ಮೇಲಿನ ಕುರ್ಚಿಯ ಮೇಲೆ ಕಣ್ಣಿಟ್ಟವರು ಯಾವ ಕಛೇರಿಯಲ್ಲಿ ಇರುವುದಿಲ್ಲ ಹೇಳ್ರಿ. ಬಾದಶಹನ ಸವಾರರು ಬಂದು ಪಂತರನ್ನು ಹಿಡಿದರು. ಹೋಗುವ ದಾರಿಯಲ್ಲಿ ಪಂಢರಪುರಕ್ಕೆ ಒಮ್ಮೆ ಕರೆದೊಯ್ಯಿರಿ, ಕಡೆಯ ಸಲ ವಿಠೋಬನ ಮುಖ ನೋಡುತ್ತೇನೆ ಎಂದು ಅವರು ಬೇಡಿಕೊಂಡರು. ಸವಾರರೂ ಮನುಷ್ಯರೇ, ಒಪ್ಪಿದರು.

ಇತ್ತ ಬೀದರಿನ ದರಬಾರಿಗೆ ಒಬ್ಬ ಮಹಾರ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ವಿಠೂ ಮಹಾರ ಎಂದು ಹೆಸರು ಹೇಳಿದ. ನಾನು ದಾಮಾಜಿಪಂತರ ಆಳು, ಅವರು ಮಾರಿದ ಕಾಳಿನ ರೊಕ್ಕ ತಂದಿದ್ದೇನೆ, ಎಣಿಸಿಕೊಂಡು ರಸೀದಿ ಕೊಡಿ ಅಂದ. ಸಣ್ಣ ಚೀಲದಿಂದ ನಾಣ್ಯ ಸುರಿದ ಹಾಗೆ ಸುರಿಯುತ್ತಲೇ ಹೋಯಿತು. ಎರಡೂ ಹಗೇವಿನ ಬೆಲೆ ಪೂರಾ ತುಂಬಿತು. ರಸೀದಿ ಪಡೆದು ಹೋದ. ಸ್ನಾನ ಮಾಡಿ ಗೀತೆಯ ಪುಸ್ತಕ ಬಿಚ್ಚಿದ ಪಂತರಿಗೆ ಹಾಳೆಗಳ ನಡುವೆ ಆ ರಸೀದಿ ಸಿಕ್ಕಿತು. ಬಂದವನು ಯಾರೆಂದು ಅವರಿಗೆ ಆಗ ತಿಳಿಯಿತು. ಬಾದಶಹ ಅವರನ್ನು ಗೌರವದಿಂದ ಬಿಟ್ಟುಕೊಟ್ಟ. ಪಂತರು ಮತ್ತೆ ಆ ಚಾಕರಿಗೆ ಕೂಡಲಿಲ್ಲ. ನನಗಾಗಿ ದೇವರು ಮಹಾರನ ವೇಷದಲ್ಲಿ ಅಷ್ಟು ದೂರ ನಡೆಯಬೇಕಾಯಿತಲ್ಲ ಎಂದು ಮರುಗಿ, ಉಳಿದ ಕಾಲವನ್ನು ಪಂಢರಪುರದಲ್ಲಿ ವಿಠೋಬನ ಸೇವೆಯಲ್ಲಿ ಕಳೆದರು.

ವಿಠೋಬ ನಿಜವಾಗಿ ಬೀದರಿಗೆ ನಡೆದನೇ ಎಂದು ಪ್ಯಾಟಿಯ ಹುಡುಗರು ಕೇಳುತ್ತಾರೆ. ನಂಬುವವರು ನಂಬಲಿ, ಬಿಡುವವರು ಬಿಡಲಿ. ವ್ಯಾಪಾರಸ್ಥ ಬಂಧುಗಳು ಇದರಲ್ಲಿ ಇನ್ನೊಂದನ್ನು ಗಮನಿಸಬೇಕು. ಈ ಕತೆಯ ದೇವರು ಬಾದಶಹನ ಮನಸ್ಸು ತಿರುಗಿಸಲಿಲ್ಲ, ಖಾಲಿ ಹಗೇವನ್ನು ಮಂತ್ರದಿಂದ ತುಂಬಲಿಲ್ಲ. ರೊಕ್ಕ ಕಟ್ಟಿದ, ರಸೀದಿ ಕೇಳಿ ಪಡೆದ. ಅಂದರೆ ಕತೆ ಕಟ್ಟಿದ ಜನಕ್ಕೆ ಲೆಕ್ಕ ಗೊತ್ತಿತ್ತು. ಹಸಿದವನಿಗೆ ಕೊಟ್ಟ ಕಾಳಿಗೂ ಬೆಲೆ ಇದೆ, ಆ ಬೆಲೆಯನ್ನು ಯಾರಾದರೂ ಕೊಡಲೇಬೇಕು, ಅದು ಬೆಳೆದವನ ತಲೆಗೂ ಬರಬಾರದು, ಕೊಟ್ಟವನ ತಲೆಗೂ ಬರಬಾರದು ಎಂಬುದು ಅವರಿಗೆ ತಿಳಿದಿತ್ತು.

ಎರಡು ಭಂಡಾರ, ಒಂದೇ ದೂರು

ತೆಲುಗು ಬಲ್ಲ ಓದುಗರಿಗೆ ಈ ಕತೆ ಕೇಳಿದೊಡನೆ ಇನ್ನೊಂದು ನೆನಪಾಗುತ್ತದೆ. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವ ಪುರಾಣ ಬರೆದ. ಭೀಮಕವಿ ಅದನ್ನು 1369ರಲ್ಲಿ ಕನ್ನಡಕ್ಕೆ ತಂದ. ಅದರಲ್ಲಿ ಬಸವಣ್ಣನವರ ಮೇಲೆ ಬಿಜ್ಜಳನಿಗೆ ದೂರು ಹೋಗುತ್ತದೆ: ಅರಸನ ಭಂಡಾರವನ್ನು ಜಂಗಮರಿಗೆ ಸುರಿದು ಖಾಲಿ ಮಾಡಿದ್ದಾನೆ ಎಂದು. ಬಿಜ್ಜಳ ಲೆಕ್ಕ ನೋಡಿಸುತ್ತಾನೆ. ಒಂದು ಕಾಸೂ ಕಡಿಮೆ ಇರುವುದಿಲ್ಲ.

ಆ ಭಂಡಾರದ ಕೆಲಸ ಮಂಗಳವಾಡದಲ್ಲಿ ಎನ್ನುವ ಹರಿಹರನ ಮಾತನ್ನು ಹಿಡಿದರೆ, ಒಂದೇ ಊರಿನಲ್ಲಿ ಮುನ್ನೂರು ವರ್ಷದ ಅಂತರದಲ್ಲಿ ಇಬ್ಬರು ಅಧಿಕಾರಿಗಳು. ಇಬ್ಬರ ಕೈಯಲ್ಲೂ ಅರಸನ ಸೊತ್ತು, ಇಬ್ಬರ ಮನೆಯಲ್ಲೂ ಬಂದವರಿಗೆ ಊಟ, ಇಬ್ಬರ ಮೇಲೂ ಚಾಡಿ, ಇಬ್ಬರ ಲೆಕ್ಕವೂ ಕಡೆಗೆ ಸರಿ. ಒಬ್ಬರದು ದಾಸೋಹ, ಇನ್ನೊಬ್ಬರದು ಅನ್ನದಾನ. ಒಬ್ಬರ ಕತೆ ಕನ್ನಡ ತೆಲುಗಿನಲ್ಲಿ ಉಳಿಯಿತು, ಇನ್ನೊಬ್ಬರದು ಮರಾಠಿಯಲ್ಲಿ. ಊರಿನ ಮೇಲೆ ಹಕ್ಕು ಸಾಧಿಸಲು ಗಡಿಯ ಎರಡೂ ಕಡೆ ಜನ ವಾದ ಮಾಡುತ್ತಾರೆ. ಈ ಎರಡು ಕತೆಗಳನ್ನು ಜೋಡಿಸಿ ಓದಿಕೊಂಡರೆ ಆ ವಾದಕ್ಕೆ ಅರ್ಧ ಬಿಸಿ ಕಡಿಮೆ ಆದೀತು.

ಪಂಕ್ತಿಯಲ್ಲಿ ಯಾರಿದ್ದರು

ವಿಠೋಬ ಮಹಾರನ ವೇಷದಲ್ಲಿ ಬಂದ ಎಂಬುದನ್ನು ಭಜನೆಯ ಗುಂಗಿನಲ್ಲಿ ನಾವು ಹಗುರ ದಾಟಿಹೋಗುತ್ತೇವೆ. ಅದೇ ಊರಿನ ಗೋಡೆಯ ಕೆಳಗೆ ಚೋಖಾಮೇಳರು ಸತ್ತು ನೂರಿಪ್ಪತ್ತು ವರ್ಷ ಆಗಿತ್ತು. ಬದುಕಿರುವಾಗ ಪಂಢರಪುರದ ಗುಡಿಯೊಳಗೆ ಅವರಿಗೆ ಪ್ರವೇಶ ಇರಲಿಲ್ಲ. ಅವರ ಅಸ್ಥಿಯನ್ನು ನಾಮದೇವರು ಆರಿಸಿ ತಂದು ಸಮಾಧಿ ಮಾಡಿದ್ದೂ ಗುಡಿಯ ಬಾಗಿಲ ಹೊರಗೇ. ಅಂಥ ಊರಿನ ಕತೆಯಲ್ಲಿ, ಬ್ರಾಹ್ಮಣ ಅಧಿಕಾರಿಯ ಜೀವ ಉಳಿಸಲು ದೇವರು ಮಹಾರನಾದ. ಕತೆ ಕಟ್ಟಿದವರು ಇದನ್ನು ಸುಮ್ಮನೆ ಸೇರಿಸಿಲ್ಲ. ಊರ ಕೆಲಸಕ್ಕೆ, ಸರಕಾರದ ಟಪಾಲಿಗೆ, ಖಜಾನೆಯ ರೊಕ್ಕದ ಕಾವಲಿಗೆ ಅವನೇ ಬೇಕು. ಪಂಕ್ತಿಗೆ ಮಾತ್ರ ಬೇಡ ಎಂಬ ನಡತೆಯನ್ನು ಅವರು ಕಣ್ಣಾರೆ ಕಂಡಿದ್ದರು.

ನಮ್ಮ ಚಹಾದಂಗಡಿಗಳಲ್ಲೂ ಆ ನಡತೆ ಬಹಳ ಕಾಲ ನಡೆದು ಬಂತು. ತೆಲುಗು ಸೀಮೆಯಲ್ಲಿ ಅದಕ್ಕೆ ಎರಡು ಗ್ಲಾಸಿನ ಪದ್ಧತಿ ಎಂದೇ ಹೆಸರು. ಒಳಗಿನವರಿಗೆ ಒಂದು ಕಪ್ಪು, ಹೊರಗಿನವರಿಗೆ ಬೇರೆ ಕಪ್ಪು. ಕುಡಿದು ತಾವೇ ತೊಳೆದಿಡಬೇಕು. ಕಾನೂನು 1955ರಲ್ಲೇ ಅದನ್ನು ಅಪರಾಧ ಎಂದಿತು. ಆಮೇಲೂ ಹಳ್ಳಿಗಳಲ್ಲಿ ಅದು ಹೋಗಲು ದಶಕಗಳೇ ಹಿಡಿದವು, ಕೆಲವು ಕಡೆ ಪೂರಾ ಹೋಗಿಲ್ಲ. ಯಾರ ತಾಟಿನಲ್ಲಿ ಯಾರು ಉಂಡರು ಎಂದು ಕೇಳದ ಪ್ಯಾಟಿಯ ಖಾನಾವಳಿ ನಮ್ಮ ಹಳ್ಳಿಯ ಅನೇಕರಿಗೆ ಮೊದಲ ಸಮಪಂಕ್ತಿ ಆಯಿತು. ಸೊಲ್ಲಾಪುರದ ಗಿರಣಿಗೆ ಹೋಗಿ ಬಂದ ನಮ್ಮ ಕಡೆಯ ಹಿರಿಯರು ಊರಿಗೆ ಬಂದು ಮೊದಲು ಹೇಳುತ್ತಿದ್ದ ಸುದ್ದಿ ಅದೇ. ಪಗಾರದ ಮಾತು ಆಮೇಲೆ.

ಅಲ್ಲಿಂದ ಇಲ್ಲಿಗೆ

ಬರ ಪಂತರ ಜತೆ ಮುಗಿಯಲಿಲ್ಲ. 1876ರಿಂದ 78ರ ಬರದಲ್ಲಿ ಸೊಲ್ಲಾಪುರ, ಕಲಾದಗಿ ಸೀಮೆಗಳೆರಡೂ ಬೆಂದುಹೋದವು. ಆಗಿನ ಸರಕಾರ ಅನ್ನದ ಬದಲು ಮಣ್ಣು ಹೊರುವ ಕೆಲಸ ಕೊಟ್ಟು, ಕೂಲಿಯನ್ನು ಎಷ್ಟು ಕಡಿಮೆ ಮಾಡಬಹುದು ಎಂದು ತೂಗಿ ನೋಡಿತು. 1972ರ ಬರವನ್ನು ನಮ್ಮ ತಂದೆ ತಾಯಂದಿರು ಕಂಡವರು. ಅಮೇರಿಕದಿಂದ ಬಂದ ಕೆಂಪು ಮೈಲೋ ಜೋಳದ ರೊಟ್ಟಿಯ ಮಾತು ಬಂದರೆ ಅವರ ಮುಖ ಹುಳ್ಳಗಾಗುತ್ತಿತ್ತು. ಆ ಬರದಿಂದಲೇ ಮಹಾರಾಷ್ಟ್ರದಲ್ಲಿ ರೋಜಗಾರ ಹಮಿ ಯೋಜನೆ ಹುಟ್ಟಿತು; 1977ರಲ್ಲಿ ಕಾಯಿದೆಯೂ ಆಯಿತು. ದೇಶಕ್ಕೆಲ್ಲಾ ಉದ್ಯೋಗ ಖಾತ್ರಿ ಬರುವುದಕ್ಕೆ ಮೊದಲೇ ಈ ಸೀಮೆಯ ಬರ ಅದನ್ನು ಕಲಿಸಿತ್ತು.

ಸರಕಾರಗಳು ಊಟದ ಮನೆ ತೆರೆದದ್ದೂ ಉಂಟು. 1983ರಲ್ಲಿ ಆಂಧ್ರದಲ್ಲಿ ಎನ್.ಟಿ. ರಾಮರಾಯರು ಕಿಲೋಗೆ ಎರಡು ರೂಪಾಯಿ ಅಕ್ಕಿ ಕೊಟ್ಟರು. 1995ರಲ್ಲಿ ಮಹಾರಾಷ್ಟ್ರ ಒಂದು ರೂಪಾಯಿಗೆ ಜುಣಕಾ ಭಾಕರ ಕೇಂದ್ರಗಳನ್ನು ತೆರೆಯಿತು. ಕೆಲವೇ ವರ್ಷದಲ್ಲಿ ಅವು ಮುಚ್ಚಿಹೋದವು, ಎಷ್ಟೋ ಕಡೆ ಬರೇ ಬೋರ್ಡು ಉಳಿಯಿತು. ನಮ್ಮಲ್ಲಿ 2017ರಲ್ಲಿ ಇಂದಿರಾ ಕ್ಯಾಂಟೀನು, ಅವರಲ್ಲಿ 2020ರಲ್ಲಿ ಹತ್ತು ರೂಪಾಯಿಯ ಶಿವಭೋಜನ ತಾಟು ಶುರುವಾದವು. ಅಕ್ಕಲಕೋಟೆಯಲ್ಲಿ 1988ರಲ್ಲಿ ಹುಟ್ಟಿದ ಅನ್ನಛತ್ರ ಮಂಡಳ ಸ್ವಾಮಿ ಸಮರ್ಥರ ಹೆಸರಿನಲ್ಲಿ ಬಂದವರಿಗೆಲ್ಲಾ ಪುಕ್ಕಟೆ ಊಟ ಹಾಕುತ್ತ ಬಂದಿದೆ. ಸರಕಾರದ ತಾಟು ಸರಕಾರ ಬದಲಾದಾಗ ಅಲುಗುತ್ತದೆ, ಭಕ್ತರ ರೊಕ್ಕದ ತಾಟು ನಿಲ್ಲುತ್ತದೆ ಎಂದು ಅಕ್ಕಲಕೋಟೆಯಲ್ಲಿ ಪಂಕ್ತಿಗೆ ಕಾಯುತ್ತ ನಿಂತಾಗ ಜನ ಮಾತಾಡಿಕೊಳ್ಳುವುದನ್ನು ಕೇಳಿದ್ದೇನೆ.

ಪುಕ್ಕಟೆ ಅಥವಾ ಅಗ್ಗದ ಊಟದ ಬಗ್ಗೆ ರೈತರಲ್ಲಿ ಎರಡು ಮಾತು ಇವೆ. ಹಸಿದವನಿಗೆ ಅನ್ನ ಸಿಗಲಿ ಎಂದು ಯಾರೂ ಬೇಡ ಅನ್ನುವುದಿಲ್ಲ. ಆದರೆ ತಾಟು ಅಗ್ಗ ಆಗಲಿ ಎಂದು ಕಾಳನ್ನು ಅಗ್ಗಕ್ಕೆ ಕಸಿದುಕೊಂಡರೆ ಅದು ವಿಠೂ ಮಹಾರನ ಲೆಕ್ಕ ಆಗುವುದಿಲ್ಲ. ಅವನು ಹಗೇವಿನ ಪೂರಾ ಬೆಲೆ ಕಟ್ಟಿದ. ಜೋಳಕ್ಕೆ ಬೆಲೆ ಸಿಗದೆ ನಮ್ಮವರು ಕಬ್ಬಿಗೆ, ತೊಗರಿಗೆ ತಿರುಗಿದರು. ಹಿಂಗಾರಿ ಜೋಳದ ಹೊಲ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತಿದೆ. ಇತ್ತ ಪ್ಯಾಟಿಯಲ್ಲಿ ಸಕ್ಕರೆ ಕಾಯಿಲೆಗೆ ಹೆದರಿದ ಜನ ಜೋಳದ ರೊಟ್ಟಿ ಹುಡುಕಿಕೊಂಡು ಬರುತ್ತಾರೆ. ಸೊಲ್ಲಾಪುರದ ಕಡಕ್ ರೊಟ್ಟಿ ಪ್ಯಾಕೆಟ್ಟಿನಲ್ಲಿ ಪುಣೆ, ಮುಂಬಯಿಗೆ ಹೋಗುತ್ತದೆ. ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಬಂದಿದೆ, ಸಂತೋಷ. ಅದರ ಒಂದು ಪಾಲು ಹೊಲದ ತನಕ ತಿರುಗಿ ಬರಬೇಕು ಎಂಬುದಷ್ಟೇ ನಮ್ಮ ಮಾತು. ವ್ಯಾಪಾರಸ್ಥ ಬಂಧುಗಳು ಇದನ್ನು ದೂರು ಎಂದು ತಿಳಿಯಬಾರದು. ಅವರೂ ನಾವೂ ಒಂದೇ ಬಂಡಿಯ ಎರಡು ಗಾಲಿ.

ಮಂಗಳವೇಢೆಗೆ ಹೋಗುವುದು ಕಷ್ಟವಿಲ್ಲ. ವಿಜಯಪುರದಿಂದ ಉಮದಿಯ ಮೇಲೆ ಪಂಢರಪುರಕ್ಕೆ ಹೋಗುವ ದಾರಿಯಲ್ಲೇ ಊರು ಬರುತ್ತದೆ. ಸೊಲ್ಲಾಪುರದಿಂದ ಬಸ್ಸು ಬೇಕಾದಷ್ಟು. ಸಂಕ್ರಾಂತಿಯ ಆಚೀಚೆ ಹೋದರೆ ಎರಡು ಲಾಭ. ಸೊಲ್ಲಾಪುರದಲ್ಲಿ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಯ ನಂದಿಕೋಲು ನೋಡಬಹುದು. ಆಮೇಲೆ ಮಂಗಳವೇಢೆಯ ಎರಿಹೊಲಗಳಲ್ಲಿ ಹಾಲುಗಾಳಿನ ಸೀತನಿ ಸುಡುವ ಹೊತ್ತು. ಅವರು ಅದಕ್ಕೆ ಹುರಡಾ ಅಂತಾರ. ದಾಮಾಜಿಪಂತರ ಗುಡಿಗೆ ಹೋಗಿ ಕೈಮುಗಿಯಿರಿ. ಆಮೇಲೆ ದೊಡ್ಡ ಬೋರ್ಡು ನೋಡಬೇಡಿ. ಹಮಾಲರನ್ನೋ, ಬಂಡಿಯವರನ್ನೋ ಹಿಡಿದು ನೀವು ಎಲ್ಲಿ ಉಣ್ಣುತ್ತೀರಿ ಅಂತ ಕೇಳಿ. ಕನ್ನಡದಲ್ಲಿ ಕೇಳಿದರೂ ಉತ್ತರ ಸಿಗುತ್ತದೆ. ರೊಟ್ಟಿ ಮುರಿಯುವಾಗ ಆ ಜೋಳ ಯಾವ ಹಳ್ಳಿಯದು, ಯಾವ ಧಾರಣೆಗೆ ಕೊಂಡದ್ದು ಎಂದು ಖಾನಾವಳಿಯವರನ್ನು ಒಂದು ಮಾತು ವಿಚಾರಿಸಿರಿ.